ಸೊಂಟಕ್ಕೊಂದು ಪಿಸ್ತೂಲು

2018ರ ಜನವರಿಯಲ್ಲಿ ಸಿಗ್ ಸೌಯರ್ ಕಂಪನಿ ಪಿ365 ಎಂಬ ಪಿಸ್ತೂಲನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ತೂಕ ಅರ್ಧ ಕಿಲೋ, ನಳಿಕೆಯ ಉದ್ದ 79 ಮಿಲಿಮೀಟರ್. ಮೂರು ವರ್ಷ ಮೊದಲು ಬಂದಿದ್ದ ಗ್ಲಾಕ್ 43 ಹೆಚ್ಚೂಕಡಿಮೆ ಇದೇ ಗಾತ್ರದ್ದು, ಆದರೆ ಅದರ ಮ್ಯಾಗಜೀನಿನಲ್ಲಿ ಹಿಡಿಸುತ್ತಿದ್ದುದು ಆರು ತೋಟಾ ಮಾತ್ರ. ಪಿ365ರಲ್ಲಿ ಹತ್ತು ಹಿಡಿಸಿದವು. ತೋಟಾಗಳನ್ನು ಒಂದೇ ಸಾಲಿನಲ್ಲಿ ಪೇರಿಸದೆ, ಪೂರ್ತಿ ಎರಡು ಸಾಲೂ ಮಾಡದೆ, ಒಂದರ ಮಗ್ಗುಲಿಗೆ ಇನ್ನೊಂದು ಅರ್ಧ ಸರಿದು ಕೂರುವಂತೆ ಮ್ಯಾಗಜೀನನ್ನು ರೂಪಿಸಿದ್ದರಿಂದ ಇದು ಸಾಧ್ಯವಾಯಿತು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್ ಕಂಪನಿಯ ಹೆಲ್‌ಕ್ಯಾಟ್, 2021ರಲ್ಲಿ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಪ್ಲಸ್ ಮತ್ತು ರೂಗರ್‌ನ ಮ್ಯಾಕ್ಸ್-9 ಅದೇ ದಾರಿ ಹಿಡಿದವು. ಅಂಗಿಯಡಿ ಅಡಗುವ ಪಿಸ್ತೂಲಿನಲ್ಲಿ ಹತ್ತಕ್ಕಿಂತ ಕಡಿಮೆ ಗುಂಡಿದ್ದರೆ ಗಿರಾಕಿಗಳು ಮೂಗು ಮುರಿಯುವ ಕಾಲ ಬಂತು.

ದಿನವೂ ಮೈಮೇಲೆ ಇಟ್ಟುಕೊಂಡು ತಿರುಗಲು ಯಾವ ಪಿಸ್ತೂಲು ಒಳ್ಳೆಯದು ಎಂಬ ಪ್ರಶ್ನೆಗೆ ಇದರಿಂದ ಕೊನೆಯ ಉತ್ತರ ಸಿಕ್ಕಿತು ಎಂದು ಮಾರುವವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಂಪನಿಗಳು ಬಗೆಹರಿಸಿರುವುದು ಹೊರುವ ಕಷ್ಟವನ್ನು. ಹಾರಿಸುವ ಕಷ್ಟ ಮತ್ತು ಜೋಪಾನ ಮಾಡುವ ಕಷ್ಟ ಎರಡೂ ಉಳಿದಿವೆ; ಆಯುಧ ಕಿರಿದಾದಷ್ಟೂ ಅವು ಹೆಚ್ಚುತ್ತವೆ.

ಅಡಗಿಸಿದ ಆಯುಧಕ್ಕೆ ಅಮೆರಿಕದಲ್ಲಿ ಮೊದಲಿನಿಂದ ಮರ್ಯಾದೆಯೇನೂ ಇರಲಿಲ್ಲ. 1813ರಲ್ಲೇ ಕೆಂಟಕಿ ಮತ್ತು ಲೂಯಿಸಿಯಾನ ರಾಜ್ಯಗಳು ಅದನ್ನು ನಿಷೇಧಿಸಿದವು. ಸೊಂಟದಲ್ಲಿ ಎದ್ದು ಕಾಣುವಂತೆ ಪಿಸ್ತೂಲು ಕಟ್ಟಿಕೊಂಡವನು ನೇರ ಮನುಷ್ಯ, ಬಟ್ಟೆಯೊಳಗೆ ಬಚ್ಚಿಟ್ಟುಕೊಂಡವನು ಹೊಂಚುಹಾಕುವವನು ಎಂಬ ಭಾವನೆ ಆಗಿನದು. ನಡೆದದ್ದೂ ಅದಕ್ಕೆ ಪುಷ್ಟಿ ಕೊಟ್ಟಿತು. 1865ರಲ್ಲಿ ಲಿಂಕನ್ ಅವರನ್ನು ಕೊಂದದ್ದು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ತಯಾರಿಸಿದ, ಅಂಗೈಯಲ್ಲಿ ಮುಚ್ಚಿಹೋಗುವ ಒಂಟಿಗುಂಡಿನ ಪಿಸ್ತೂಲು. 1901ರಲ್ಲಿ ಬಫಲೋ ನಗರದಲ್ಲಿ ಅಧ್ಯಕ್ಷ ಮೆಕಿನ್ಲಿ ಅವರ ಕೈಕುಲುಕಲು ಸಾಲಿನಲ್ಲಿ ಬಂದ ಹಂತಕನು ಕರವಸ್ತ್ರದ ಅಡಿಯಲ್ಲಿ .32 ಕ್ಯಾಲಿಬರಿನ ಪುಟ್ಟ ರಿವಾಲ್ವರ್ ಹಿಡಿದಿದ್ದ. 1911ರಲ್ಲಿ ನ್ಯೂಯಾರ್ಕ್ ಸಲಿವನ್ ಕಾಯ್ದೆ ತಂದು ಪರವಾನಗಿಯನ್ನು ಕಡ್ಡಾಯ ಮಾಡಿತು.

ಗಾಳಿ ತಿರುಗಿದ್ದು ಆ ಶತಮಾನದ ಕೊನೆಯಲ್ಲಿ. ಅರ್ಹತೆಯಿದ್ದವರಿಗೆಲ್ಲ ಪರವಾನಗಿ ಕೊಡಲೇಬೇಕೆಂದು 1987ರಲ್ಲಿ ಫ್ಲಾರಿಡಾ ಕಾನೂನು ಮಾಡಿತು. ಒಂದೊಂದಾಗಿ ಹೆಚ್ಚಿನ ರಾಜ್ಯಗಳು ಹಿಂಬಾಲಿಸಿದವು. 1991ರ ಅಕ್ಟೋಬರಿನಲ್ಲಿ ಟೆಕ್ಸಸ್‌ನ ಕಿಲೀನ್ ಪಟ್ಟಣದ ಲೂಬೀಸ್ ಹೋಟೆಲಿಗೆ ಪಿಕಪ್ ವಾಹನ ನುಗ್ಗಿಸಿ ಬಂದವನೊಬ್ಬ 23 ಮಂದಿಯನ್ನು ಕೊಂದ. ಅಲ್ಲಿ ಊಟಕ್ಕೆ ಕುಳಿತಿದ್ದ ಸುಝಾನ ಹಪ್ ತಮ್ಮ ರಿವಾಲ್ವರನ್ನು ಕಾನೂನಿಗೆ ಅಂಜಿ ಕಾರಿನಲ್ಲಿ ಬಿಟ್ಟು ಬಂದಿದ್ದರು. ಆ ದಾಳಿಯಲ್ಲಿ ತಂದೆ ತಾಯಿ ಇಬ್ಬರೂ ಹೋದರು. ಮುಂದೆ ಶಾಸಕಿಯೂ ಆದ ಆಕೆಯ ಸಾಕ್ಷ್ಯ ಇಡೀ ದೇಶದ ಚರ್ಚೆಯನ್ನು ಬದಲಿಸಿತು. 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರವಾನಗಿ ಕೇಳುವವರು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ಶತಮಾನದಷ್ಟು ಹಳೆಯ ನಿಯಮವನ್ನು ತಳ್ಳಿಹಾಕಿತು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಅಡಗಿಸಿದ ಪಿಸ್ತೂಲು ಒಯ್ಯಬಹುದಿತ್ತು. ಪರವಾನಗಿ ಇಲ್ಲವೆಂದರೆ ಅದಕ್ಕೆಂದು ಇದ್ದ ಕಡ್ಡಾಯ ತರಬೇತಿಯೂ ಇಲ್ಲ. ಕಾನೂನು ಬಿಟ್ಟ ಜಾಗವನ್ನು ಕೊಳ್ಳುವವನ ವಿವೇಕವೇ ತುಂಬಬೇಕಾಗಿದೆ.

ಇನ್ನು ಆಯುಧದ ಮಾತಿಗೆ ಬರೋಣ. ಅಂಗಡಿಯ ಗಾಜಿನ ಮೇಜಿನ ಮುಂದೆ ನಿಂತ ಹೊಸಬ ಮೊದಲು ಕೈ ಚಾಚುವುದು ಎಲ್ಲಕ್ಕಿಂತ ಚಿಕ್ಕದರ ಕಡೆಗೆ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಅಂಥದ್ದು. .380 ಕ್ಯಾಲಿಬರ್, ಆರು ಗುಂಡಿನ ಮ್ಯಾಗಜೀನ್, ತೂಕ ಸುಮಾರು 270 ಗ್ರಾಂ. ಪ್ಯಾಂಟಿನ ಮುಂದಿನ ಜೇಬಿನಲ್ಲಿ ಕಾಣದಂತೆ ಕೂರುತ್ತದೆ. ಕೈಯಲ್ಲಿ ಹಿಡಿದಾಗ ಹಿತವಾಗಿರುವ ಈ ಹಗುರತನವೇ ಹಾರಿಸಿದಾಗ ಶತ್ರುವಾಗುತ್ತದೆ. ಗುಂಡು ಎಷ್ಟು ಆವೇಗದಿಂದ ಮುಂದೆ ಹೋಗುತ್ತದೋ ಅಷ್ಟೇ ಆವೇಗದಿಂದ ಪಿಸ್ತೂಲು ಹಿಂದೆ ಬರಬೇಕು, ಇದರಿಂದ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಒಂದೇ ತೋಟಾವನ್ನು ಒಂದು ಕಿಲೋ ತೂಕದ ಪಿಸ್ತೂಲಿನಿಂದ ಹಾರಿಸುವ ಬದಲು ಅರ್ಧ ಕಿಲೋದ್ದರಿಂದ ಹಾರಿಸಿದರೆ ಅದು ಹಿಂದಕ್ಕೆ ಬರುವ ವೇಗ ಇಮ್ಮಡಿ, ಕೈ ಹೀರಬೇಕಾದ ಶಕ್ತಿಯೂ ಇಮ್ಮಡಿ. ಹಿಡಿಕೆ ಗಿಡ್ಡವಾಗಿ ಕಿರುಬೆರಳಿಗೆ ಜಾಗವೇ ಇರದಿದ್ದರೆ ಮೂತಿ ಮೇಲಕ್ಕೆ ಜಿಗಿಯುತ್ತದೆ, ಎರಡನೆಯ ಗುಂಡಿಗೆ ಗುರಿ ಮತ್ತೆ ಹುಡುಕಬೇಕು. ಗುರಿಮಣಿಗಳ ನಡುವಿನ ಅಂತರವೂ ಕುಗ್ಗಿರುತ್ತದೆ. ಅಂತರ 100 ಮಿಲಿಮೀಟರ್ ಇದ್ದು ಮುಂದಿನ ಮಣಿ ಒಂದೇ ಮಿಲಿಮೀಟರ್ ಸರಿದರೂ ಏಳು ಮೀಟರ್ ದೂರದಲ್ಲಿ ಗುಂಡು ಏಳು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂತರ 150 ಮಿಲಿಮೀಟರ್ ಇದ್ದರೆ ಅದೇ ತಪ್ಪು ಐದು ಸೆಂಟಿಮೀಟರಿಗಿಂತ ಕಡಿಮೆ.

ಹಾಗಾಗಿ ಪುಟ್ಟ ಪಿಸ್ತೂಲು ಹೊಸಬರದ್ದಲ್ಲ, ಪಳಗಿದವರದ್ದು. ಮಾರಾಟವಾಗುವುದು ಮಾತ್ರ ಹೆಚ್ಚಾಗಿ ಹೊಸಬರಿಗೆ, ಅದರಲ್ಲೂ 'ಹೆಂಗಸರ ಕೈಗೆ ಸರಿಹೋಗುತ್ತದೆ' ಎಂಬ ಶಿಫಾರಸಿನೊಂದಿಗೆ. ಇದು ಅಂಗಡಿಗಳು ಕೊಡುವ ಅತ್ಯಂತ ಕೆಟ್ಟ ಸಲಹೆ. ಸಣ್ಣ ಕೈಗೆ ಸಣ್ಣ ಪಿಸ್ತೂಲು ಹೆಚ್ಚು ನೋವು ಕೊಡುತ್ತದೆ, ನೋವಾದ ಕೈ ಅಭ್ಯಾಸಕ್ಕೆ ಹೋಗುವುದಿಲ್ಲ.

ಕ್ಯಾಲಿಬರಿನ ಜಗಳ ಇನ್ನೂ ಹಳೆಯದು. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ .25, .32 ಮತ್ತು .380 ತೋಟಾಗಳು ಜೇಬಿನ ಪಿಸ್ತೂಲುಗಳ ಒಂದು ಯುಗವನ್ನೇ ಆಳಿದವು. ಅವುಗಳ ಕಾರ್ಯವಿಧಾನ ಸರಳ: ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ತೋಟಾದ ಹಿಂದಿನ ಒತ್ತಡವನ್ನು ತಡೆಹಿಡಿಯುತ್ತಿತ್ತು. 9 ಎಂಎಂನ ಒತ್ತಡವನ್ನು ಹೀಗೆ ತಡೆಯಬೇಕಾದರೆ ಸ್ಲೈಡು ವಿಪರೀತ ಭಾರವಾಗಬೇಕು. ಗುಂಡು ಹೊರಬೀಳುವವರೆಗೆ ನಳಿಕೆ ಮತ್ತು ಸ್ಲೈಡು ಒಂದಕ್ಕೊಂದು ಬಿಗಿದುಕೊಂಡಿರುವ ವ್ಯವಸ್ಥೆಯನ್ನು ಅಂಗೈಯಗಲದ ಆಯುಧದೊಳಗೆ ನೆಚ್ಚಿಕೆಯಿಂದ ಕೆಲಸ ಮಾಡುವಂತೆ ಕೂರಿಸಲು ಎಂಜಿನಿಯರುಗಳಿಗೆ ದಶಕಗಳೇ ಹಿಡಿದವು. ಕಾನೂನು ಕೂಡ ಅರಿಯದೆ ಒಂದು ಕೈ ಕೊಟ್ಟಿತು. ಹೊಸ ಮ್ಯಾಗಜೀನುಗಳಿಗೆ ಹತ್ತು ಗುಂಡಿನ ಮಿತಿ ಹಾಕಿದ 1994ರ ಫೆಡರಲ್ ಕಾಯ್ದೆ ಹತ್ತು ವರ್ಷ ಜಾರಿಯಲ್ಲಿತ್ತು. ಹೇಗೂ ಹತ್ತಕ್ಕಿಂತ ಹೆಚ್ಚು ತುಂಬಿಸುವಂತಿಲ್ಲ ಎಂದಾದ ಮೇಲೆ ಪಿಸ್ತೂಲು ದೊಡ್ಡದಾಗಿ ಏಕಿರಬೇಕು ಎಂದು ಯೋಚಿಸಿದ ಕಂಪನಿಗಳು ಕಿರಿದಾಗಿಸುವುದರತ್ತ ತಿರುಗಿದವು. ಹತ್ತು ಗುಂಡಿನ ಗ್ಲಾಕ್ 26 ಆ ಕಾಲದ್ದೇ.

ಗುಂಡಿನ ಪರಿಣಾಮವನ್ನು ಅಳೆಯುವ ಇಂದಿನ ಕ್ರಮ ಒಂದು ದುರಂತದಿಂದ ಹುಟ್ಟಿತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಎಫ್‌ಬಿಐ ಅಡ್ಡಗಟ್ಟಿತು. ಒಬ್ಬ ದರೋಡೆಕೋರನಿಗೆ ಮೊದಲಲ್ಲೇ ತಗುಲಿದ 9 ಎಂಎಂ ಗುಂಡು ತೋಳನ್ನು ಹಾಯ್ದು, ಶ್ವಾಸಕೋಶ ಸೀಳಿ, ಹೃದಯ ಮುಟ್ಟುವ ಮುನ್ನ ನಿಂತುಹೋಯಿತು. ಅವನು ಗುಂಡು ಹಾರಿಸುತ್ತಲೇ ಇದ್ದ. ಇಬ್ಬರು ಅಧಿಕಾರಿಗಳು ಸತ್ತರು, ಐವರು ಗಾಯಗೊಂಡರು. ಆ ಬಳಿಕ ಎಫ್‌ಬಿಐ ಮಾಡಿಕೊಂಡ ಅಳತೆಯ ಪ್ರಕಾರ ಗುಂಡು ಜಿಲಾಟಿನ್ ಗಟ್ಟಿಯೊಳಗೆ 12ರಿಂದ 18 ಇಂಚು, ಅಂದರೆ 30ರಿಂದ 46 ಸೆಂಟಿಮೀಟರ್ ಇಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ಸಾಲದು, ಹೆಚ್ಚಾದರೆ ಹಿಂದೆ ನಿಂತವನಿಗೆ ಅಪಾಯ. ಕೆಲಕಾಲ ದೊಡ್ಡ ಕ್ಯಾಲಿಬರುಗಳನ್ನು ಬಳಸಿದ ಎಫ್‌ಬಿಐ, ಗುಂಡುಗಳ ತಯಾರಿಕೆ ಸುಧಾರಿಸಿದ ಮೇಲೆ ಮತ್ತೆ 9 ಎಂಎಂಗೇ ಮರಳಿತು. ಗಿಡ್ಡ ನಳಿಕೆಯಿಂದ ಹೊರಟ .380 ಗುಂಡು ಒಂದೋ ಅರಳಿಕೊಂಡು ಬೇಗ ನಿಲ್ಲುತ್ತದೆ, ಇಲ್ಲವೇ ಅರಳದೆ ಆಳಕ್ಕೆ ಹೋಗುತ್ತದೆ. ಎರಡನ್ನೂ ಹದವಾಗಿ ಮಾಡುವುದು ಅಪರೂಪ. ಈ ಲೆಕ್ಕದಲ್ಲಿ 9 ಎಂಎಂ ಮುಂದಿದೆ, ಅಭ್ಯಾಸದ ತೋಟಾ ಕೂಡ ಸಾಮಾನ್ಯವಾಗಿ ಅಗ್ಗ. ಕೀಲುನೋವಿನ ಕೈಗಳಿಗೆ ಮಾತ್ರ ಈ ವಾದ ಅನ್ವಯಿಸುವುದಿಲ್ಲ. ಸ್ಲೈಡು ಎಳೆಯುವ ಶಕ್ತಿ ಕಡಿಮೆಯಿದ್ದವರಿಗೆಂದೇ 2018ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಇಜ಼ಡ್ .380 ತೋಟಾದ್ದು, ಗಾತ್ರದಲ್ಲಿ ತುಸು ದೊಡ್ಡದು. ವಯಸ್ಸಾದವರಿಗೆ ಅದೇ ಸರಿ.

ರಿವಾಲ್ವರನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರಿದ್ದಾರೆ. ಸ್ಮಿತ್ ಅಂಡ್ ವೆಸನ್ 1950ರಿಂದ ಮಾಡುತ್ತಿರುವ ಐದು ಗುಂಡಿನ, .38 ಕ್ಯಾಲಿಬರಿನ ಜೆ-ಫ್ರೇಮ್ ಮಾದರಿಗಳು ಇನ್ನೂ ಅಂಗಡಿಗಳಲ್ಲಿವೆ, ಅದಕ್ಕೆ ಕಾರಣವೂ ಇದೆ. ಹಗುರವಾದ ಪಿಸ್ತೂಲನ್ನು ಸಡಿಲವಾಗಿ ಹಿಡಿದರೆ ಸ್ಲೈಡು ಪೂರ್ತಿ ಹಿಂದೆ ಹೋಗದೆ ಮುಂದಿನ ತೋಟಾ ಸಿಕ್ಕಿಬೀಳಬಹುದು. ಹೆದರಿದ ಕೈ, ಗಾಯಗೊಂಡ ಕೈ ಹಿಡಿಯುವುದು ಸಡಿಲವಾಗಿಯೇ. ರಿವಾಲ್ವರಿಗೆ ಆ ತೊಂದರೆಯಿಲ್ಲ. ಟ್ರಿಗರನ್ನು ಎಳೆಯಲು ಸುಮಾರು ಐದು ಕಿಲೋ ಬಲ ಬೇಕು, ಅಕಸ್ಮಾತ್ ಬೆರಳು ತಗುಲಿದರೆ ಹಾರುವುದಿಲ್ಲ. ಅದೇ ಬಿಗಿ ಗುರಿಯನ್ನೂ ಅಲುಗಿಸುತ್ತದೆ ಎಂಬುದು ಇದರ ಇನ್ನೊಂದು ಮುಖ. ಹಗುರ ಲೋಹದ 642 ಮಾದರಿ 415 ಗ್ರಾಂ ಆಸುಪಾಸು ತೂಗುತ್ತದೆ, ಅದರಿಂದ ನೆಟ್ಟಗೆ ಹೊಡೆಯಲು ಕಲಿಯುವುದು ವರ್ಷಗಳ ಕೆಲಸ.

ಹೊಡೆಯುವ ಕಲೆಯ ಬಗ್ಗೆ ಸಿನಿಮಾಗಳು ತುಂಬಿದ ಭ್ರಮೆ ಕರಗಬೇಕಾದರೆ ನ್ಯೂಯಾರ್ಕ್ ಪೊಲೀಸರ ಲೆಕ್ಕ ನೋಡಬೇಕು. 1998ರಿಂದ 2006ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ ವರದಿಯಂತೆ, ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡುಗಳಲ್ಲಿ ಗುರಿ ತಲುಪಿದವು ಶೇಕಡ 18. 2012ರ ಆಗಸ್ಟಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಕೊಲೆಗಾರನೊಬ್ಬನನ್ನು ತಡೆಯಲು ಇಬ್ಬರು ಪೊಲೀಸರು 16 ಗುಂಡು ಹಾರಿಸಿದರು. ಆ ಗುಂಡು ಮತ್ತು ಅವುಗಳ ಚೂರುಗಳಿಂದ ಗಾಯಗೊಂಡ ದಾರಿಹೋಕರು ಒಂಬತ್ತು ಮಂದಿ. ತರಬೇತಿ ಪಡೆದು, ದೊಡ್ಡ ಪಿಸ್ತೂಲು ಹಿಡಿದವರ ಕಥೆಯಿದು. ಅಂಗೈಯಗಲದ ಆಯುಧ ಹಿಡಿದು ಸಂತೆಯ ನಡುವೆ ನಿಂತ ಗೃಹಸ್ಥನಿಗೆ ತಪ್ಪಿದ ಪ್ರತಿ ಗುಂಡೂ ಯಾರದೋ ಮೈಗೆ ಹೋಗುವ ಸಾಧ್ಯತೆ, ಅದರ ಹೊಣೆಯೂ ಅವನದೇ.

ಯಾವ ಪಿಸ್ತೂಲು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಅದನ್ನಿಡುವ ಹೋಲ್‌ಸ್ಟರಿಗೆ ಐದು ನಿಮಿಷ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಪಿಸ್ತೂಲಿಗಿಂತ ಮೊದಲು ನಿರ್ಧಾರವಾಗಬೇಕಾದ್ದು ಅದು. 2008ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆಲ್ಲಿಸಿ ಕೊಟ್ಟ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್, ಅದೇ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದಕ್ಕೆ ಗ್ಲಾಕ್ ಪಿಸ್ತೂಲನ್ನು ಬರೇ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅದು ಜಾರಿತು, ಹಿಡಿಯಲು ಹೋದ ಬೆರಳು ಟ್ರಿಗರಿಗೆ ತಗುಲಿತು, ಗುಂಡು ಸ್ವಂತ ತೊಡೆಗೆ ಹೊಕ್ಕಿತು. ನ್ಯೂಯಾರ್ಕಿನಲ್ಲಿ ಪರವಾನಗಿಯೂ ಇರಲಿಲ್ಲ, ಎರಡು ವರ್ಷದ ಶಿಕ್ಷೆಯಾಯಿತು. ಇಂದಿನ ಅನೇಕ ಪುಟ್ಟ ಪಿಸ್ತೂಲುಗಳಲ್ಲಿ ಬೆರಳಿಂದ ಒತ್ತುವ ಸೇಫ್ಟಿ ಇರುವುದಿಲ್ಲ. ಟ್ರಿಗರ್ ಮುಚ್ಚಿರುವ ಗಟ್ಟಿ ಹೋಲ್‌ಸ್ಟರೇ ಅವುಗಳ ಸೇಫ್ಟಿ. ಮೆತ್ತಗಾಗಿ ಮಡಚಿಕೊಳ್ಳುವ ಹಳೆಯ ಚರ್ಮದ್ದು ಬೇಡ. ಹೊರತೆಗೆಯುವುದಕ್ಕಿಂತ ವಾಪಸ್ ಇಡುವಾಗ ಅಪಘಾತದ ಭಯ ಹೆಚ್ಚು, ಅಂಗಿಯ ಅಂಚು ಟ್ರಿಗರಿನೊಳಗೆ ಸಿಕ್ಕಿಕೊಂಡರೆ ಸಾಕು. ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳುವ ರೂಢಿ ಈಗ ಜೋರಾಗಿದೆ. ಅಲ್ಲಿ ಮೂತಿ ನೆಟ್ಟಿರುವುದು ತೊಡೆಯ ದೊಡ್ಡ ರಕ್ತನಾಳದ ಕಡೆಗೆ, ಆದ್ದರಿಂದ ಹೊಸಬರಿಗೆ ನಾನು ಅದನ್ನು ಹೇಳಲಾರೆ. ಕೆಳಗೆ ಬಿದ್ದಾಗ ಹಾರದಂತೆ ಪರೀಕ್ಷೆಯಾಗಿದೆಯೇ ಎಂಬುದನ್ನೂ ಕೇಳಬೇಕು. 2017ರಲ್ಲಿ ಸಿಗ್ ಸೌಯರ್ ತನ್ನ ದೊಡ್ಡ ಪಿಸ್ತೂಲು ಪಿ320ಕ್ಕೆ ಇದೇ ಕಾರಣಕ್ಕಾಗಿ ಬಿಡಿಭಾಗ ಬದಲಾಯಿಸಿಕೊಡಬೇಕಾಯಿತು.

ವ್ಯಾನಿಟಿ ಬ್ಯಾಗಿನಲ್ಲಿ ಇಡಲೇಬಾರದು. 2014ರ ಡಿಸೆಂಬರಿನಲ್ಲಿ ಐಡಹೋ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟ್‌ನಲ್ಲಿ 29 ವರ್ಷದ ತಾಯಿಯೊಬ್ಬಳು ಮಕ್ಕಳೊಂದಿಗೆ ಸಾಮಾನು ಕೊಳ್ಳುತ್ತಿದ್ದಳು. ಪರವಾನಗಿ ಇತ್ತು. ಪಿಸ್ತೂಲು ಇಡುವುದಕ್ಕೆಂದೇ ಹೊಲಿದ, ಜಿಪ್ ಇರುವ ಚೀಲವಿತ್ತು. ತಳ್ಳುಗಾಡಿಯಲ್ಲಿ ಕುಳಿತಿದ್ದ ಎರಡು ವರ್ಷದ ಮಗ ಆ ಜಿಪ್ ಎಳೆದ. ತಾಯಿ ಅಲ್ಲೇ ಸತ್ತಳು. ಆಕೆ ಅಜಾಗರೂಕ ಹೆಂಗಸಾಗಿರಲಿಲ್ಲ, ವಿಜ್ಞಾನ ಓದಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವಳು. ಮೈಯಿಂದ ಬೇರೆಯಾದ ಪಿಸ್ತೂಲು ಒಂದು ಕ್ಷಣದಲ್ಲಿ ಬೇರೆಯವರ ಪಿಸ್ತೂಲಾಗುತ್ತದೆ.

ಹಗುರವಾದದ್ದನ್ನು ಮರೆಯುವುದೂ ಸುಲಭ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಿಂದ 6,737 ಬಂದೂಕುಗಳು ಸಿಕ್ಕವು, ಅವುಗಳಲ್ಲಿ ಶೇಕಡ 93ರಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರು ಹೇಳುವ ಸಾಮಾನ್ಯ ಮಾತು, 'ಇದೆ ಅನ್ನುವುದೇ ಮರೆತುಹೋಗಿತ್ತು.' ಅವರು ಸುಳ್ಳು ಹೇಳುತ್ತಿರಲಾರರು.

ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ತಿಳಿದಿರಬೇಕು. ಎಚ್-1ಬಿ, ಎಚ್-4, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಹೊಂದುವುದು ಫೆಡರಲ್ ಕಾನೂನಿನಂತೆ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಆತ್ಮರಕ್ಷಣೆ ಆ ಪಟ್ಟಿಯಲ್ಲಿಲ್ಲ. ವಿನಾಯಿತಿ ಇಲ್ಲದವರು ಗೆಳೆಯರೊಂದಿಗೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿಯುವುದೂ ಕಾನೂನಿನ ಕಣ್ಣಿಗೆ ಹೊಂದುವುದೇ. 2022ರಿಂದ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ಆದರೆ ಬಂದೂಕಿನ ಅಪರಾಧವೊಂದು ಸಾಬೀತಾದರೆ ಅವರನ್ನೂ ಗಡೀಪಾರು ಮಾಡಬಹುದು. ಗಾಂಜಾ ಸೇದುವವರಿಗೆ, ರಾಜ್ಯದ ಕಾನೂನು ಅದನ್ನು ಒಪ್ಪಿದ್ದರೂ, ಫೆಡರಲ್ ಕಾನೂನು ಬಂದೂಕನ್ನು ನಿಷೇಧಿಸಿದೆ. ಟೆಕ್ಸಸ್‌ನಲ್ಲಿ ಸರಿಯಾದದ್ದು ನ್ಯೂಜೆರ್ಸಿಯಲ್ಲಿ ಜೈಲಿಗೆ ದಾರಿಯಾಗಬಹುದು, ಗಡಿ ದಾಟುವ ಮುನ್ನ ಆಯಾ ರಾಜ್ಯದ ನಿಯಮ ನೋಡಲೇಬೇಕು.

ನಮ್ಮ ಕಡೆಗೆ ಈ ಪ್ರಶ್ನೆ ಈ ರೂಪದಲ್ಲಿ ಬರುವುದೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಹಕ್ಕಲ್ಲ, 9 ಎಂಎಂ ಸಾಮಾನ್ಯರಿಗೆ ನಿಷಿದ್ಧ. .32 ರಿವಾಲ್ವರೇ ಹೆಚ್ಚಿನವರ ಮಿತಿ. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು ತಂದ ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರಿನ ಬೆಲೆ ಆಗ 1.22 ಲಕ್ಷ ರೂಪಾಯಿ ಇತ್ತು. ಅದು ಯಾವ ಹೆಣ್ಣುಮಕ್ಕಳ ಕೈಗೆ ಎಟುಕುತ್ತದೆ ಎಂದು ಆಗಲೇ ಹಲವರು ಕೇಳಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುವ ಕೊಡಗಿನ ಕೋವಿ ಎಲ್ಲರ ಕಣ್ಣಿಗೆ ಕಾಣುವಂಥದ್ದು, ಅಂಗಿಯಡಿಯದ್ದಲ್ಲ.

ಮತ್ತೆ ಅಮೆರಿಕಕ್ಕೆ ಬಂದರೆ, ಪಿಸ್ತೂಲು ಹೊತ್ತವರಿಂದ ಸಮಾಜ ಹೆಚ್ಚು ಸುರಕ್ಷಿತವಾಗುತ್ತದೆಯೇ? ಆಗುತ್ತದೆ ಎಂದು 1998ರಲ್ಲಿ ಜಾನ್ ಲಾಟ್ ಪುಸ್ತಕ ಬರೆದರು. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಎಲ್ಲ ಅಧ್ಯಯನಗಳನ್ನು ತೂಗಿ, ಯಾವ ಕಡೆಗೂ ನಂಬಲರ್ಹ ಸಾಕ್ಷ್ಯವಿಲ್ಲ ಎಂದಿತು. 2019ರಲ್ಲಿ ಜಾನ್ ಡೊನಹ್ಯೂ ಮತ್ತು ಸಂಗಡಿಗರು, ಪಿಸ್ತೂಲು ಒಯ್ಯುವುದನ್ನು ಸುಲಭಗೊಳಿಸುವ ಕಾನೂನು ತಂದ ರಾಜ್ಯಗಳಲ್ಲಿ ಹತ್ತು ವರ್ಷಗಳ ನಂತರ ಹಿಂಸಾಪರಾಧ ಶೇಕಡ 13ರಿಂದ 15ರಷ್ಟು ಹೆಚ್ಚಿರುತ್ತದೆಂದು ಅಂದಾಜು ಮಾಡಿದರು. ಈ ವಾದ ಮುಂದುವರಿದಿದೆ. ಮನೆಯೊಳಗಿನ ಲೆಕ್ಕದಲ್ಲಿ ಅಷ್ಟು ಗೊಂದಲವಿಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅವರಲ್ಲಿ 26,328 ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪಿಸ್ತೂಲಿಲ್ಲದವರಿಗೆ ಹೋಲಿಸಿದರೆ ಇರುವ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ ಸುಮಾರು 35 ಪಟ್ಟು.

ಇದನ್ನೆಲ್ಲ ತೂಗಿ, ಕಾನೂನುಬದ್ಧವಾಗಿ ಕೊಳ್ಳಲು ನಿರ್ಧರಿಸಿದವರಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜೇಬಿನದ್ದು ಬೇಡ, ಅರ್ಧ ಕಿಲೋಗೆ ಕಡಿಮೆಯಿಲ್ಲದ, ಹಿಡಿಕೆಯಲ್ಲಿ ಎಲ್ಲ ಬೆರಳೂ ಕೂರುವ 9 ಎಂಎಂ ಸಾಕು: ಗ್ಲಾಕ್ 43ಎಕ್ಸ್, ಶೀಲ್ಡ್ ಪ್ಲಸ್, ಉದ್ದ ಹಿಡಿಕೆಯ ಪಿ365, ಯಾವುದಾದರೂ ಆದೀತು, ಅವುಗಳ ನಡುವಿನ ವ್ಯತ್ಯಾಸ ದೊಡ್ಡದಲ್ಲ. ಕೊಳ್ಳುವ ಮುನ್ನ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಾರಿಸಿ ನೋಡಬೇಕು. ದುಡ್ಡಿನಲ್ಲಿ ದೊಡ್ಡ ಪಾಲು ಗಟ್ಟಿ ಹೋಲ್‌ಸ್ಟರಿಗೆ, ಬೀಗದ ಪೆಟ್ಟಿಗೆಗೆ, ಶಿಕ್ಷಕರಿಗೆ, ತೋಟಾಗಳಿಗೆ ಹೋಗಲಿ. ಕುಡಿಯುವ ದಿನ ಅದು ಪೆಟ್ಟಿಗೆಯಲ್ಲೇ ಇರಲಿ. ಮನೆಯಲ್ಲಿ ಖಿನ್ನತೆಯಿಂದ ನರಳುವವರಿದ್ದರೆ, ಮಾತು ಬಿಟ್ಟು ಕೋಣೆ ಸೇರಿದ ಹರೆಯದ ಮಗನೋ ಮಗಳೋ ಇದ್ದರೆ, ಈ ಆಯ್ಕೆಯನ್ನೇ ಕೈಬಿಡಬೇಕು.

ಈ ಕೊನೆಯ ಮಾತನ್ನು ಬಂದೂಕು ಮಾರುವವರೇ ಈಗ ಹೇಳುತ್ತಿದ್ದಾರೆ. 2009ರಲ್ಲಿ ನ್ಯೂಹ್ಯಾಂಪ್‌ಶೈರಿನ ಒಂದೇ ಅಂಗಡಿಯಿಂದ ವಾರದೊಳಗೆ ಮೂವರು ಬಂದೂಕು ಕೊಂಡು, ಕೆಲವೇ ತಾಸುಗಳಲ್ಲಿ ಜೀವ ಕಳೆದುಕೊಂಡರು. ಅದು ತಿಳಿದ ಮೇಲೆ ಅಲ್ಲಿನ ಬಂದೂಕು ವ್ಯಾಪಾರಿಗಳೂ ಆತ್ಮಹತ್ಯೆ ತಡೆಯುವ ಕಾರ್ಯಕರ್ತರೂ ಒಂದೇ ಮೇಜಿಗೆ ಬಂದು ಕುಳಿತರು. ಯಾವ ಗಿರಾಕಿಗೆ ಮಾರಬಾರದು, ಅವನೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಬರೆದು ಅಂಗಡಿಗಳಿಗೆ ಹಂಚಿದರು, ಗೋಡೆಗೆ ಸಹಾಯವಾಣಿಯ ಭಿತ್ತಿಪತ್ರ ಅಂಟಿಸಿದರು. ಬೇರೆ ರಾಜ್ಯಗಳ ಅಂಗಡಿಗಳೂ ಅದನ್ನು ತೆಗೆದುಕೊಂಡವು. ಕೊಲರಾಡೊದಲ್ಲಿ, ಮನೆಯ ಕಷ್ಟಕಾಲ ಮುಗಿಯುವವರೆಗೆ ಬಂದೂಕನ್ನು ಇಟ್ಟುಕೊಳ್ಳಲು ಒಪ್ಪುವ ಅಂಗಡಿ ಮತ್ತು ಪೊಲೀಸ್ ಠಾಣೆಗಳ ನಕಾಶೆಯೇ ಸಾರ್ವಜನಿಕರಿಗೆ ಸಿಗುತ್ತದೆ.